ಒಂದೂ ಓಟಿಲ್ಲದ ಗೆಲುವು

ಬೋರನಕೊಪ್ಪಲು, ಕೆ.ಆರ್. ಪೇಟೆ ತಾಲ್ಲೂಕು
ಗುರುವಾರ, 9-10-2025

ಪ್ರೀತಿಯ ಮೊಮ್ಮಗಳು ಹೇಮವ್ವನಿಗೆ,

ನಿನ್ನ ತಾತ ಚೌಡಯ್ಯ ಬರೆಯುತ್ತಿರುವ ಕಾಗದ. ಮೊದಲು ಇದನ್ನು ಹೇಳು, ಮೈಯಲ್ಲಿ ಹುಷಾರಾಗಿದ್ದೀಯಾ? ಹಾಸ್ಟೆಲ್ಲಿನಲ್ಲಿ ರಾತ್ರಿ ಹೊತ್ತು ಬರೀ ಅನ್ನ ಅಂದಿದ್ದೆ, ಮುದ್ದೆ ಮಾಡಿಸಿಕೊಂಡಿರೋ ಇಲ್ಲವೋ? ಖೋ ಖೋ ಆಡುವಾಗ ಉಳುಕಿದ ಕಾಲಿಗೆ ಅಜ್ಜಿ ಕೊಟ್ಟ ಎಣ್ಣೆಯನ್ನು ತಿಕ್ಕುತ್ತಿದ್ದೀಯೋ ಅಥವಾ ಸೀಸೆಯನ್ನು ಹಾಗೇ ಕಿಟಕಿಯಲ್ಲಿ ಇಟ್ಟಿದ್ದೀಯೋ? ನಾವೂ ಇಲ್ಲಿ ಚೆನ್ನಾಗಿದ್ದೇವೆ ಎಂದು ಬರೆಯಬೇಕು. ಆದರೆ ಚೆನ್ನಾಗಿಲ್ಲ. ಕೆಂದ ಹಸು ಹೆಣ್ಣು ಕರು ಹಾಕಿದೆ, ಅದೊಂದೇ ಈ ಮನೆಯಲ್ಲಿ ಸಂತೋಷದ ಸುದ್ದಿ. ನಿನ್ನ ಅಜ್ಜಿ ಚಿಕ್ಕಬೋರಮ್ಮ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಕಾಫಿ ಲೋಟವನ್ನು ಕೈಗೆ ಕೊಡುವುದಿಲ್ಲ, ಜಗಲಿಯ ಮೇಲೆ ಕುಕ್ಕಿ ಹೋಗುತ್ತಾಳೆ. ನಾನು ನೋಡುವಷ್ಟರಲ್ಲಿ ಅದರ ಮೇಲೆ ಕೆನೆ ಕಟ್ಟಿರುತ್ತದೆ.

ನೀನಂತೂ ಫೋನ್ ಎತ್ತುವುದಿಲ್ಲ. ನಿಮ್ಮಪ್ಪ ಕುಮಾರ ಮಾಡಿದರೆ ಎತ್ತುತ್ತೀಯ, ನಾನು ಮಾಡಿದರೆ ಒಂದು ಸಲ ಕುಂಯ್ ಅಂದು ಕಟ್ಟಾಗುತ್ತದೆ. ಅಷ್ಟು ದೊಡ್ಡವಳಾದೆಯಾ ನೀನು? ಆರನೇ ಕ್ಲಾಸಿಗೆ ಸ್ಕೂಲು ಬಿಟ್ಟವನ ಕೈಗೆ ಪೆನ್ನು ಹಿಡಿಸಿದ್ದೀಯ. ಅಕ್ಷರ ಸೊಟ್ಟಗಿದ್ದರೆ ನಿನ್ನ ಗೆಳತಿಯರಿಗೆ ತೋರಿಸಿ ನಗಬೇಡ. ನಿಮ್ಮಪ್ಪ ಶನಿವಾರ ನಾಗಮಂಗಲಕ್ಕೆ ಬರುತ್ತಾನೆ, ಅವನ ಕೈಯಲ್ಲೇ ಈ ಕಾಗದ ಕೊಟ್ಟು ಕಳಿಸುತ್ತೇನೆ. ಓದದೆ ಹರಿದು ಹಾಕುವ ಹಾಗಿಲ್ಲ, ನೀನು ಓದಿ ಮುಗಿಸುವ ತನಕ ಎದುರಿಗೆ ನಿಂತಿರು ಎಂದು ಅವನಿಗೆ ಹೇಳಿದ್ದೇನೆ.

ವಿಷಯ ಏನೆಂದರೆ, ಸೋಮವಾರ ನೀನು ರಾಜೀನಾಮೆ ಕೊಡುತ್ತೀಯಂತೆ. ತಲೆ ಕೆಟ್ಟಿದೆಯಾ ನಿನಗೆ? ಗೆದ್ದ ಸೀಟನ್ನು ಯಾರಾದರೂ ಬಿಡುತ್ತಾರಾ? ಜನ ಸೀಟಿಗಾಗಿ ಅಣ್ಣತಮ್ಮಂದಿರ ಮುಖ ನೋಡುವುದು ಬಿಡುತ್ತಾರೆ. ನೀನು ಸೀಟು ಸಿಕ್ಕಿತು ಎಂದು ತಾತನ ಮುಖ ನೋಡುವುದು ಬಿಟ್ಟಿದ್ದೀಯ. ಎಷ್ಟು ತಿರುಗಿಸಿ ಮುರುಗಿಸಿ ನೋಡಿದರೂ ಇದು ನನಗೆ ಅರ್ಥವಾಗುತ್ತಿಲ್ಲ. ಅದಕ್ಕೇ ಮೊದಲಿನಿಂದ ಬರೆಯುತ್ತೇನೆ, ಎಲ್ಲಿ ಎಡವಿದೆ ಅಂತ ನೀನೇ ತೋರಿಸು.

ಗೌರಿ ಹಬ್ಬಕ್ಕೆ ಬಂದವಳು ಅಡಿಗೆಮನೆ ಬಾಗಿಲಲ್ಲಿ ಕೂತು ಕಾಯಿ ತುರಿಯುತ್ತಾ ನೀನೇ ಹೇಳಿದೆ: "ನಮ್ಮ ಕಾಲೇಜಲ್ಲಿ ಈ ವರ್ಷ ಮೊದಲ್ನೇ ಸಲ ವಿದ್ಯಾರ್ಥಿ ಸಂಘಕ್ಕೆ ಓಟು ಹಾಕ್ಸ್ತಾವ್ರೆ ತಾತ. ಕ್ರೀಡೆ ಮತ್ತು ಕ್ಷೇಮ ಕಾರ್ಯದರ್ಶಿಗೆ ನಾನು ನಿಂತಿವ್ನಿ." ಕ್ರೀಡೆ ನನಗೆ ತಿಳಿಯಿತು. ಸಂಜೆಯಾದರೆ ಮೈದಾನವನ್ನೆಲ್ಲ ಹುಡುಗರ ಕ್ರಿಕೆಟ್ಟೇ ಹಿಡಿದುಕೊಂಡಿರುತ್ತದೆ, ಖೋ ಖೋ ಕಂಬ ನೆಡುವುದಕ್ಕೂ ನಿಮಗೆ ಜಾಗ ಬಿಡುವುದಿಲ್ಲ, ಬಟ್ಟೆ ಬದಲಾಯಿಸಲು ಒಂದು ರೂಮಿಲ್ಲ ಎಂದೆ ನೀನು. ನ್ಯಾಯವಾದ ಜಗಳ. ನಾನಾಗಿದ್ದರೆ ಆ ಸ್ಟಂಪುಗಳನ್ನು ಕಿತ್ತು ನೀರೊಲೆಗೆ ಹಾಕಿ ಬರುತ್ತಿದ್ದೆ. ಕ್ಷೇಮ ಮಾತ್ರ ತಿಳಿಯಲಿಲ್ಲ. "ಊಟ ಆಕ್ಸೋದೇನವ್ವಾ?" ಅಂತ ಕೇಳಿದೆ. ನೀನು ನಕ್ಕು, ಮನಸ್ಸು ಸರಿಯಿಲ್ಲದ ಮಕ್ಕಳು ಹೇಳಿಕೊಳ್ಳುವುದಕ್ಕೆ ವಾರಕ್ಕೊಂದು ದಿನ ಒಬ್ಬ ಮೇಡಂ ಬಂದು ಕೂರಬೇಕು, ಅದಕ್ಕೊಂದು ಕೋಣೆ ಬೇಕು ಎಂದೆ. "ನಂಗೂ ದಿನಾ ಮನಸ್ಸು ಸರಿ ಇರಾಕಿಲ್ಲ. ಹಸಕ್ಕೆ ಎರಡು ಕಂತೆ ಹುಲ್ಲು ಆಕಿದ್ರೆ ಸರೋಯ್ತದೆ" ಎಂದೆ ನಾನು. "ಹಾಸ್ಟೆಲ್ಲಲ್ಲಿ ಹಸ ಇಲ್ವಲ್ಲ ತಾತ" ಎಂದು ನೀನು ನನ್ನ ಬಾಯಿ ಮುಚ್ಚಿಸಿದೆ. ಅಜ್ಜಿ ಒಲೆ ಮುಂದೆ ಕೂತು ಕಿಸಕ್ಕನೆ ನಕ್ಕಳು. ಆಗ ಮನೆಯಲ್ಲಿ ನಗು ಇತ್ತು.

ನಿನ್ನ ಎದುರಿಗೆ ನಿಂತಿರುವವಳು ಪಾಂಡವಪುರದ ಕಡೆಯ ರಂಜಿತ, ನಿನ್ನ ಜೊತೆಯಲ್ಲೇ ಖೋ ಖೋ ಆಡುವವಳು ಎಂದೂ ನೀನೇ ಹೇಳಿದೆ. ಯಾರ ಮನೆ ಹುಡುಗಿ ಎಂದು ವಿಚಾರಿಸಿದರೆ ಪುಟ್ಟಸ್ವಾಮಿಯ ಮೊಮ್ಮಗಳು! ನಮ್ಮ ಬೀದಿಯ ಸಿದ್ದರಾಜನಿಗೆ ಹೆಣ್ಣು ಕೊಟ್ಟ ಮಾವ ಆ ಪುಟ್ಟಸ್ವಾಮಿ. ಸಿದ್ದರಾಜನ ಮದುವೆಯಲ್ಲಿ ಅವನೂ ನಾನೂ ಒಂದೇ ಪಂಕ್ತಿಯಲ್ಲಿ ಕೂತು ಉಂಡಿದ್ದೇವೆ. ಇದು ಕೇಳಿದ ಕೂಡಲೇ ನನಗೆ ಎದೆ ಮೇಲಿನ ಕಲ್ಲು ಇಳಿಸಿದ ಹಾಗಾಯಿತು. ಎರಡು ಕಡೆಯೂ ನಮ್ಮವರೇ ಇರುವಾಗ ಓಟು ಯಾಕೆ ಬೇಕು?

ನೀನು ಮುಖ ಸಿಂಡರಿಸಬೇಡ, ಕೇಳು. ನಮ್ಮೂರ ಹಾಲಿನ ಡೈರಿಯ ಡೈರೆಕ್ಟರುಗಳ ಚುನಾವಣೆ ಯಾವತ್ತಾದರೂ ಓಟಿಗೆ ಹೋಗಿದ್ದು ನೋಡಿದ್ದೀಯಾ? ನಾಮಪತ್ರ ವಾಪಸು ತೆಗೆಯುವ ದಿನಕ್ಕೆ ಮುಂಚೆ ಹಿರಿಯರು ಕೂರುತ್ತೇವೆ. ಬೀದಿಗೊಂದು ಸೀಟು. ಈ ಸಲ ಯಾರು, ಮುಂದಿನ ಸಲ ಯಾರು ಎಂದು ಮಾತಾಡಿ, ಎಲೆ ಅಡಿಕೆ ಕೈ ಬದಲಾಯಿಸಿ ಎದ್ದು ಬರುತ್ತೇವೆ. ಒಬ್ಬ ಉಳಿಯುತ್ತಾನೆ, ಬಾಕಿಯವರು ಹಿಂದೆ ಸರಿಯುತ್ತಾರೆ. ಅವಿರೋಧ ಆಯ್ಕೆ. ನಾನು ಐದು ಸಲ ಡೈರೆಕ್ಟರ್ ಆಗಿದ್ದು ಹೀಗೇ. ಪಕ್ಕದೂರಿನಲ್ಲಿ ಒಂದು ಸಲ ಓಟು ಬಿತ್ತು, ಅವತ್ತಿನಿಂದ ಆ ಊರಲ್ಲಿ ಎರಡು ಬೀದಿಯವರು ಒಬ್ಬರ ಮದುವೆಗೆ ಒಬ್ಬರು ಹೋಗುತ್ತಿಲ್ಲ. ಓಟು ಎಂದರೆ ನನಗೆ ಗೊತ್ತಿರುವುದು ಅದು. ಎರಡು ಹೆಣ್ಣುಮಕ್ಕಳು, ಜೊತೆಯಲ್ಲಿ ಆಡುವವರು, ಹಾಗಾಗಬಾರದು ಎಂದು ನಾನು ಯೋಚಿಸಿದ್ದು ಅಪರಾಧವೇ?

ನೀನು ಹಬ್ಬ ಮುಗಿಸಿ ಹೊರಟ ಮೇಲೆ ಸಿದ್ದರಾಜನನ್ನು ಜೊತೆ ಮಾಡಿಕೊಂಡು ಬಸ್ಸು ಹತ್ತಿದೆ. ಎಲೆ, ಅಡಿಕೆ, ಬಾಳೆಹಣ್ಣು, ನಮ್ಮ ಮರದ ಎರಡು ತೆಂಗಿನಕಾಯಿ. ಚಿನಕುರಳಿ ದಾಟುವ ತನಕ ಸಿದ್ದರಾಜ ಮಳೆ ಬೆಳೆ ಮಾತಾಡಿದ. ಆಮೇಲೆ ಮೆಲ್ಲಗೆ, "ಚೌಡಣ್ಣ, ಈ ಸಲ ಡೈರಿ ಸೀಟು ನಂಗೆ ಬುಟ್ಕೊಟ್ರೆ ನಮ್ಮ ಮಾವುನ್ನ ಒಪ್ಸೋದು ಸಲೀಸು" ಎಂದ. ಕೋಪ ಬಂತು, ಬಸ್ಸಿನಿಂದ ತಳ್ಳಿಬಿಡೋಣ ಅನ್ನಿಸಿತು. ಆಮೇಲೆ ನಿನ್ನ ಮುಖ ನೆನಪಾಯಿತು. ಆಗಲಿ ಎಂದೆ. ಹೌದು ಹೇಮವ್ವ, ನಿನ್ನ ಸೀಟಿಗಾಗಿ ನನ್ನ ಸೀಟು ಬಿಟ್ಟುಕೊಟ್ಟೆ. ಇದನ್ನು ಯಾರಿಗೂ ಹೇಳಿರಲಿಲ್ಲ, ಈಗ ಹೇಳುತ್ತಿದ್ದೇನೆ.

ಪುಟ್ಟಸ್ವಾಮಿ ನಡುಮನೆಯಲ್ಲಿ ಚಾಪೆ ಹಾಸಿ ಕೂರಿಸಿದ. ಮಾತು ಬೇಗ ಮುಗಿಯಿತು. "ಎಣ್ಮಕ್ಳು ಬೀದೀಲಿ ನಿಂತು ಓಟು ಕೇಳೋದು ನಂಗೂ ಸರಿ ಕಾಣ್ನಿಲ್ಲ ಕಣ್ಲಾ ಚೌಡ" ಎಂದು ತಾಂಬೂಲ ತೆಗೆದುಕೊಂಡ. ಅಷ್ಟರಲ್ಲಿ ಆ ಹುಡುಗಿ ರಂಜಿತ ಕಾಫಿ ತಂದಳು. ಭಾನುವಾರವಾದ್ದರಿಂದ ಮನೆಯಲ್ಲೇ ಇದ್ದಳು. ಪುಟ್ಟಸ್ವಾಮಿ ತಲೆಯೆತ್ತದೆ, "ನಾಳೆ ಓಗಿ ಅದೇನೋ ನಿಂತಿದ್ಯಲ್ಲ, ಅದುನ್ನ ವಾಪಸ್ ತಕಬುಡು. ಮಾತು ಕೊಟ್ಟಿವ್ನಿ" ಎಂದ. ಅವಳು ತಟ್ಟೆ ಹಿಡಿದುಕೊಂಡು ನಿಂತೇ ಇದ್ದಳು. "ನಾನು ಮಾತಾಡ್ಬೇಕಿತ್ತು ತಾತ" ಎಂದಳು. "ಮಾತಾಡು, ಯಾರು ಬ್ಯಾಡ ಅಂದೋರು" ಎಂದ ಪುಟ್ಟಸ್ವಾಮಿ. "ಇಲ್ಲಿ ಅಲ್ಲ. ಅಲ್ಲಿ, ಎಲ್ರ ಮುಂದೆ" ಎಂದಳು. ನಾವು ಮೂವರು ಗಂಡಸರೂ ಮುಖ ಮುಖ ನೋಡಿಕೊಂಡೆವು. ಏನು ಹೇಳುತ್ತಿದ್ದಾಳೋ ಒಬ್ಬರಿಗೂ ಹೊಳೆಯಲಿಲ್ಲ. ಕಾಫಿ ಕುಡಿದು ಎದ್ದು ಬಂದೆವು.

ಆಮೇಲೆ ನೀನು ಅವಿರೋಧವಾಗಿ ಗೆದ್ದ ಸುದ್ದಿ ಬಂತು. ನನ್ನ ಸಂತೋಷ ಹೇಗಿತ್ತೆಂದು ಡೈರಿಯ ಮುಂದೆ ಲಾಡು ತಿಂದವರನ್ನು ಕೇಳು. ಫ್ಲೆಕ್ಸ್ ಹಾಕಿಸಿದ್ದೂ ಆ ಸಂತೋಷದಲ್ಲೇ. ನಿನ್ನ ಫೋಟೋ ದೊಡ್ಡದಾಗಿ, ಕೆಳಗೆ ನನ್ನದೂ ಪುಟ್ಟಸ್ವಾಮಿಯದೂ ಚಿಕ್ಕದಾಗಿ. "ಕ್ರೀಡೆ ಮತ್ತು ಕ್ಷೇಮ ಕಾರ್ಯದರ್ಶಿಯಾಗಿ ಅವಿರೋಧವಾಗಿ ಆಯ್ಕೆಯಾದ ಕು. ಹೇಮಶ್ರೀಗೆ ಅಭಿನಂದನೆಗಳು. ಎದುರಾಳಿಯನ್ನು ಹಿಂದೆ ಸರಿಸಿ ಸಹಕರಿಸಿದ ಶ್ರೀ ಪುಟ್ಟಸ್ವಾಮಿಯವರಿಗೆ ಹೃತ್ಪೂರ್ವಕ ಧನ್ಯವಾದಗಳು." ಉಪಕಾರ ಮಾಡಿದವನ ಹೆಸರು ಹಾಕದಿದ್ದರೆ ಮರ್ಯಾದೆಯಲ್ಲ ಎಂದು ನಾನೇ ನಿಂತು ಆ ಸಾಲು ಸೇರಿಸಿದೆ. ಬೆಳಗ್ಗೆ ಮೊದಲ ಬಸ್ಸಿಗೆ ನಾಗಮಂಗಲಕ್ಕೆ ಬಂದು ನಿಮ್ಮ ಕಾಲೇಜು ಗೇಟಿನ ಎದುರಿನ ಕಂಬಕ್ಕೆ ಕಟ್ಟಿಸಿದೆ. ನಿನ್ನನ್ನು ನೋಡಿಕೊಂಡು ಹೋಗೋಣವೆಂದಿದ್ದೆ, ಹಾಲು ಹಾಕುವ ಹೊತ್ತಾಗುತ್ತದೆಂದು ವಾಪಸು ಬಂದುಬಿಟ್ಟೆ.

ಮಧ್ಯಾಹ್ನ ನಿನ್ನ ಫೋನು ಬಂತು. ಶಹಭಾಷ್ ತಾತ ಅನ್ನುತ್ತೀಯೆಂದು ಸ್ಪೀಕರ್ ಹಾಕಿ ನಾಲ್ಕು ಜನರ ನಡುವೆ ಹಿಡಿದುಕೊಂಡಿದ್ದೆ. "ಫ್ಲೆಕ್ಸ್ ನಾನೇ ಅರ್ದಾಕ್ದೆ" ಎಂದೆ ನೀನು. ಇಡೀ ಕಾಲೇಜು ಓದಿ ನಗುತ್ತಿದೆ, ನೀನೇ ತಾತನನ್ನು ಕಳಿಸಿ ಬಾಯಿ ಮುಚ್ಚಿಸಿದೆಯೆಂದು ರಂಜಿತ ನಿನ್ನ ಮುಖ ನೋಡುತ್ತಿಲ್ಲ, ಮೈದಾನಕ್ಕೂ ಬರುತ್ತಿಲ್ಲ ಎಂದೆ. ಕೊನೆಗೆ, "ನಂಗೆ ಒಂದೇ ಒಂದು ಓಟೂ ಬಿದ್ದಿಲ್ಲ ತಾತ. ನಾನು ಯಾರ ಕಾರ್ಯದರ್ಶಿ?" ಎಂದು ಕೇಳಿ ಇಟ್ಟುಬಿಟ್ಟೆ. ನಾಲ್ಕು ಜನರೂ ಎದ್ದು ಪಂಚೆ ಕೊಡವಿಕೊಂಡು ಹೋದರು.

ನನಗೆ ಸಿಟ್ಟು ಬಂತು. ಅಂಗಳದಲ್ಲಿ ನಿಂತು ಕೂಗಾಡಿದೆ. ನಾನು ಐದು ಸಲ ಡೈರೆಕ್ಟರ್ ಆದವನು, ನನಗೆ ಯಾವತ್ತಾದರೂ ಓಟು ಬಿದ್ದಿದೆಯಾ, ಯಾರಾದರೂ ನೀನು ಯಾರ ಡೈರೆಕ್ಟರು ಎಂದು ಕೇಳಿದ್ದಾರಾ ಎಂದೆ. ನಿನ್ನ ಅಜ್ಜಿ ಕೊಟ್ಟಿಗೆಯಿಂದ ಹಾಲಿನ ಕ್ಯಾನು ಹಿಡಿದು ಬಂದವಳು ನಿಂತಳು. "ಹಸ ನೋಡೋಳು ನಾನು, ಕರಿಯೋಳು ನಾನು. ಡೈರೀಲಿ ನಾನೂ ಮೆಂಬ್ರೇ, ನಂಗೂ ಓಟು ಅದೆ. ಐದು ಸಲದಾಗೆ ಒಂದು ಸಲ, ನಾನು ನಿಂತ್ಕತೀನಿ ಕಣೇ ಬೋರಿ, ಆಗ್ಬೋದಾ ಅಂತ ನನ್ನ ಕೇಳಿದ್ಯಾ ನೀನು?" ಎಂದಳು. ಅಷ್ಟು ಹೇಳಿ ಮಾತು ನಿಲ್ಲಿಸಿದವಳು ಇವತ್ತಿಗೂ ಆಡಿಲ್ಲ. ಮನೆಯ ಹೆಂಗಸನ್ನು ಯಾರಾದರೂ ಓಟು ಕೇಳುತ್ತಾರಾ? ಅವಳದು ನನ್ನದು ಬೇರೆ ಬೇರೆಯಾ? ನೀನೇ ಹೇಳು. ಅಥವಾ ಹೇಳಬೇಡ, ನೀನೂ ಅವಳ ಕಡೆಯೇ.

ಕಳೆದ ಭಾನುವಾರ ಯಾರಿಗೂ ಹೇಳದೆ ಮತ್ತೆ ಪಾಂಡವಪುರದ ಬಸ್ಸು ಹತ್ತಿದೆ. ಯಾಕೆ ಹೋದೆನೋ ಸರಿಯಾಗಿ ನನಗೇ ಗೊತ್ತಿಲ್ಲ. ನೀನು ಕಳಿಸಿದ್ದಲ್ಲ ಎಂದು ಆ ಹುಡುಗಿಗೆ ಹೇಳಬೇಕಿತ್ತು, ಅಷ್ಟು ಮಾತ್ರ ಗೊತ್ತಿತ್ತು. ಪುಟ್ಟಸ್ವಾಮಿ ಗದ್ದೆ ಕಡೆ ಹೋಗಿದ್ದ. ರಂಜಿತ ನಾಲೆಯ ಮೆಟ್ಟಿಲ ಮೇಲೆ ಬಟ್ಟೆ ಒಗೆಯುತ್ತಿದ್ದಳು. ನಾನು ಮೇಲೆ ಏರಿಯ ಮೇಲೆ ನಿಂತೇ ಹೇಳಿದೆ: "ನಮ್ಮ ಹೇಮಂಗೆ ಇದ್ಯಾವುದೂ ಗೊತ್ತೇ ಇರ್ನಿಲ್ಲ ಕಣವ್ವ. ಬೈಯೋದಿದ್ರೆ ನನ್ನ ಬೈಯಿ." ಅವಳು ಒಗೆಯುವುದು ನಿಲ್ಲಿಸಿ ನನ್ನನ್ನು ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಉತ್ತರ ಕೊಡುವುದು ನನಗೆ ಗೊತ್ತಿತ್ತು.

ಅವತ್ತು ಎಲ್ಲರ ಮುಂದೆ ಏನು ಮಾತಾಡಬೇಕೆಂದಿದ್ದೆ ಎಂದು ಕೇಳಿದೆ. ಮೊದಲು ಬೇಡವೆಂದಳು. ಆಮೇಲೆ ಒದ್ದೆ ಬಟ್ಟೆಯನ್ನು ಹಿಂಡುತ್ತಾ ನೀರಿನ ಕಡೆ ನೋಡಿಕೊಂಡು ಹೇಳಿದಳು. ಹೋದ ವರ್ಷ ಅವಳಿಗೆ ನಿದ್ದೆ ಬರುತ್ತಿರಲಿಲ್ಲವಂತೆ, ಊಟ ಸೇರುತ್ತಿರಲಿಲ್ಲವಂತೆ. ಪರೀಕ್ಷೆಯ ಹಾಲಿಗೆ ಹೋದರೆ ಓದಿದ್ದೆಲ್ಲ ಮರೆತುಹೋಗುತ್ತಿತ್ತಂತೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲವಂತೆ, ಹೇಳಿದರೆ ಓದು ಬಿಡಿಸುತ್ತಾರೆಂದು. ಸಂಜೆ ಕಂಬದಿಂದ ಕಂಬಕ್ಕೆ ಓಡಿದ ಅರ್ಧ ಗಂಟೆ ಮಾತ್ರ ಎದೆ ಹಗುರವಾಗುತ್ತಿತ್ತಂತೆ. ಮೈದಾನ ಕ್ರಿಕೆಟ್ಟಿನವರ ಪಾಲಾದಾಗ ಅದೂ ಹೋಯಿತು. ಇದನ್ನು ಅವಳು ಹೇಳಿದ್ದು ನಿನ್ನೊಬ್ಬಳಿಗೇ ಅಂತೆ. "ನನ್ನಂಗೆ ಇನ್ನೂ ಎಷ್ಟು ಜನ ಅವ್ರೋ. ಒಬ್ರು ನಿಂತ್ಕಂಡು ಹೇಳಿದ್ರೆ ಅವ್ರೂ ಹೇಳ್ತಾರೆ ಅಂತ ನಿಂತಿದ್ದು. ಗೆಲ್ಲಕ್ಕಲ್ಲ ತಾತ. ಹೇಮನೇ ಗೆಲ್ತಾಳೆ ಅಂತ ನಂಗೆ ಗೊತ್ತಿತ್ತು" ಎಂದಳು. ಯಾರು ಗೆದ್ದರೂ ಇಬ್ಬರೂ ಸೇರಿ ಕೆಲಸ ಮಾಡುವುದೆಂದು ನೀವು ಮೊದಲೇ ಮಾತಾಡಿಕೊಂಡಿದ್ದಿರಂತೆ.

ಅಲ್ಲ ಹೇಮವ್ವ, ಸೋಲುತ್ತೇನೆಂದು ಗೊತ್ತಿದ್ದೂ ಯಾರಾದರೂ ನಿಲ್ಲುತ್ತಾರಾ? ಗೆಲ್ಲುವವಳ ಜೊತೆ ಮೊದಲೇ ಒಪ್ಪಂದವಿದ್ದ ಮೇಲೆ ಅದಕ್ಕೂ ನಾವು ಎಲೆ ಅಡಿಕೆ ಇಟ್ಟು ಮಾಡಿದ್ದಕ್ಕೂ ವ್ಯತ್ಯಾಸ ಏನು? ಏನೋ ಇದೆ, ಇಲ್ಲದಿದ್ದರೆ ಆ ಕೂಸು ಹಾಗೆ ನೀರು ನೋಡಿಕೊಂಡು ಮಾತಾಡುತ್ತಿರಲಿಲ್ಲ. ನನ್ನ ಕೈಗೆ ಸಿಗುತ್ತಿಲ್ಲ ಅಷ್ಟೆ. ಈಗ ಊಟ ಸೇರುತ್ತದಾ ಎಂದು ಮಾತ್ರ ಅವಳನ್ನು ಕೇಳಿದೆ. "ಸೇರ್ತದೆ, ಮೊನ್ನೆಯಿಂದ ಮತ್ತೆ ಕಮ್ಮಿ" ಎಂದಳು.

ನೀನು ರಾಜೀನಾಮೆ ಕೊಟ್ಟರೆ ಹೊಸದಾಗಿ ಚುನಾವಣೆ ಮಾಡುತ್ತಾರಂತೆ, ರಂಜಿತ ಕಾಲೇಜಿನಲ್ಲಿ ವಿಚಾರಿಸಿದ್ದಾಳೆ. ಆದರೆ ಅವಳ ತಾತ ನಿಲ್ಲಲು ಬಿಡುವುದಿಲ್ಲ. ಅಷ್ಟರಲ್ಲಿ ಪುಟ್ಟಸ್ವಾಮಿಯೇ ಗುದ್ದಲಿ ಹೆಗಲ ಮೇಲಿಟ್ಟುಕೊಂಡು ಬಂದ. ಹುಡುಗಿ ನಿಲ್ಲಲಿ ಬಿಡು ಎಂದೆ. "ತಾಂಬೂಲ ತಕಂಡು ಮಾತಾಡಿದ್ದು ಎಲ್ಗೋಯ್ತು? ನನ್ನ ಅಳಿಯನ ಸೀಟು ಏನಾಯ್ತದೆ?" ಎಂದು ನನ್ನ ಮೇಲೇ ತಿರುಗಿಬಿದ್ದ. "ನೀನೇನು ಗಂಡ್ಸೋ ಗಾಳೀಪಟಾನೋ?" ಎಂದ. ಹುಡುಗಿಯ ಎದುರಿಗೇ ಅಂದ. ನಾನು ಬಸ್ಸು ಹತ್ತಿ ಬಂದೆ. ಎಪ್ಪತ್ತು ವರ್ಷ ದಾಟಿದ ಮೇಲೆ ಕೊಟ್ಟ ಮಾತು ವಾಪಸು ಕೇಳುವುದಕ್ಕಿಂತ ಕೆರೆ ಬಾವಿ ನೋಡಿಕೊಳ್ಳುವುದು ಮೇಲು ಅನ್ನಿಸಿತು.

ಆದ್ದರಿಂದ ಹೇಳುವುದೇನೆಂದರೆ ರಾಜೀನಾಮೆ ಕೊಡಬೇಡ. ಸೀಟಿನಲ್ಲಿ ಕೂತುಕೊಂಡೇ ಮೈದಾನ ಕೊಡಿಸು, ಆ ಮೇಡಂನ ಕರೆಸು, ರಂಜಿತನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊ. ಕೆಲಸ ಆದರೆ ಆಯಿತಲ್ಲ, ಓಟು ಬಿದ್ದರೇನು ಬಿಟ್ಟರೇನು? ಇದು ಸರಿಯಲ್ಲ ಎಂದು ನಿನಗನ್ನಿಸಿದರೆ ಯಾಕೆ ಸರಿಯಲ್ಲ ಎಂದು ಫೋನಿನಲ್ಲಿ ಹೇಳು. ಬೈದಾದರೂ ಹೇಳು.

ಬರೆಯುವುದು ಸಾಕು, ಬೆರಳು ನೋಯುತ್ತಿದೆ. ನಮ್ಮ ಮನೆದೇವರು ನಿನ್ನ ಕಾಲಿಗೆ ಶಕ್ತಿ ಕೊಡಲಿ, ನಾಲಿಗೆಗೆ ಸ್ವಲ್ಪ ತಾಳ್ಮೆ ಕೊಡಲಿ. ತಾಳ್ಮೆ ಇಲ್ಲದ್ದು ನನ್ನಿಂದಲೇ ಬಂದದ್ದು, ಗೊತ್ತಿದೆ. ನಿನ್ನ ಹಾಸ್ಟೆಲ್ಲಿನ ಮಕ್ಕಳಿಗೆಲ್ಲ ನನ್ನ ಆಶೀರ್ವಾದ ಹೇಳು, ಫ್ಲೆಕ್ಸ್ ನೋಡಿ ನಕ್ಕವರಿಗೂ.

ಇಂತಿ ನಿನ್ನ ತಾತ,
ಚೌಡಯ್ಯ

ಮರೆತ ಮಾತು, ಶುಕ್ರವಾರ ಬೆಳಗ್ಗೆ ಅವಸರದಲ್ಲಿ ಬರೆಯುತ್ತಿದ್ದೇನೆ. ಮೇಲೆ ರಾಜೀನಾಮೆ ಬೇಡ ಎಂದು ಬರೆದದ್ದನ್ನು ಹೊಡೆದು ಹಾಕಿಕೊ. ಸೋಮವಾರ ಕೊಡು. ಡೈರಿಗೆ ನಾಮಪತ್ರ ಹಾಕಲು ಇವತ್ತು ಕೊನೆಯ ದಿನ, ಸಿದ್ದರಾಜ ಸೂಚಕನ ಸಹಿಗೆಂದು ನನ್ನ ಹತ್ತಿರವೇ ಬಂದಿದ್ದ. ಪೆನ್ನು ಹಿಡಿದೆ, ಹಾಕಲಾಗಲಿಲ್ಲ. ಆ ಹುಡುಗಿ ಊಟ ಕಮ್ಮಿ ಎಂದದ್ದೇ ಕಿವಿಯಲ್ಲಿತ್ತು. "ನೀನೂ ನಿಲ್ಲು, ನಾನೂ ನಿಲ್ತೀನಿ. ಓಟು ಬೀಳ್ಲಿ" ಎಂದೆ. ಮುಖ ಕೆಂಪಗೆ ಮಾಡಿಕೊಂಡು ಹೋದ. ಪುಟ್ಟಸ್ವಾಮಿಗೂ ಫೋನ್ ಮಾಡಿ, ನಿನ್ನ ಮಾತು ನಿನಗೆ, ನನ್ನ ಮಾತು ನನಗೆ, ತಾಂಬೂಲ ಮುರಿಯಿತು ಎಂದು ಹೇಳಿದೆ. ಬೇಕಾದಷ್ಟು ಬೈದ. ಬೈದು ಸುಸ್ತಾಗಿ, "ಅಂಗಾದ್ರೆ ನನ್ನ ಮೊಮ್ಮಗ್ಳೂ ನಿಲ್ತಾಳೆ. ನಿನ್ನ ಮೊಮ್ಮಗ್ಳು ಮಣ್ಣು ಮುಕ್ತಾಳೆ, ನೋಡ್ಕ" ಎಂದ. "ನೋಡುವ ಕಣ್ಲಾ" ಎಂದೆ. ರಂಜಿತನಿಗೆ ನೀನೇ ಹೇಳು, ಅವಳು ಸಂಕೋಚಪಡಬಹುದು.

ಇನ್ನೊಂದು. ನಮ್ಮ ಓಟು ಮುಂದಿನ ವಾರ. ಹೇಗೆ ಕೇಳಬೇಕೆಂದು ಗೊತ್ತಿಲ್ಲ, ಯಾವತ್ತೂ ಕೇಳಿದವನಲ್ಲ. ಮನೆಯಿಂದಲೇ ಶುರುಮಾಡೋಣವೆಂದು ಈಗ ಕೊಟ್ಟಿಗೆಗೆ ಹೋಗಿ ನಿನ್ನ ಅಜ್ಜಿಯ ಮುಂದೆ ನಿಂತು, "ನಂಗೆ ಓಟು ಆಕ್ತೀಯೇನೇ ಬೋರಿ?" ಎಂದೆ. ಅವಳು ಕೆಚ್ಚಲಿನಿಂದ ಕೈ ತೆಗೆಯದೆ, ಇಷ್ಟು ದಿನದ ಮೇಲೆ ಬಾಯಿ ಬಿಟ್ಟು, "ಯಾಕೆ ಆಕ್ಬೇಕು?" ಎಂದಳು. ಒಳಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಏನು ಹೇಳಬೇಕು ಹೇಮವ್ವ? ಬೇಗ ಫೋನ್ ಮಾಡು, ಅವಳು ಹಾಲು ಕರೆದು ಮುಗಿಸಿ ಬಾಗಿಲಲ್ಲಿ ನಿಂತಿದ್ದಾಳೆ.